ಸೆಲ್ ತಿನ್ನುವ ಕಾರ್ ಕೀ: ತೊಳೆದು, ಕವರ್ ಹಾಕಿ, ಸ್ವಿಚ್ ಬದಲಿಸಿ, ಡುಪ್ಲಿಕೇಟ್ ಮಾಡಿಸಿ ನೋಡಿದ್ದು

ನಮ್ಮದು 2016ರ ಕಾರು. ಬಟನ್ ಒತ್ತಿದರೆ ಟಪ್ ಅಂತ ಹೊರಗೆ ಬರುತ್ತದಲ್ಲ, ಆ ಮಡಚುವ ಕೀ. ಮೊದಲ ಏಳು ವರ್ಷದಲ್ಲಿ ಸೆಲ್ ಬದಲಾಯಿಸಿದ್ದು ಎರಡೇ ಸಲ. 2023ರ ಮಳೆಗಾಲದಲ್ಲಿ ಇದ್ದಕ್ಕಿದ್ದ ಹಾಗೆ ಇಪ್ಪತ್ತು ದಿನಕ್ಕೊಂದು ಸೆಲ್ ಬೇಕಾಯಿತು. ನಾವಿರುವುದು ಸುರತ್ಕಲ್‌ನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೇಬಿನಲ್ಲಿರುವ ಕೀ ಒದ್ದೆಯಾಗದ ದಿನವೇ ಕಡಿಮೆ, ಅದರ ಮೇಲೆ ಕಡಲಿನ ಉಪ್ಪು ಗಾಳಿ ಬೇರೆ.

ಎಲ್ಲರೂ ಮಾಡುವ ಹಾಗೆ ನಾನೂ ಮೊದಲು ಸೆಲ್ ಮೇಲೆ ಅನುಮಾನಪಟ್ಟೆ. ಐದರ ಪಟ್ಟಿಯಲ್ಲಿ ಬರುವ ಅಗ್ಗದ್ದು ಹಾಕಿದೆ, ಆಮೇಲೆ ಒಂದಕ್ಕೆ ಅರವತ್ತು ರೂಪಾಯಿ ಕೊಟ್ಟು ಒಳ್ಳೆಯದನ್ನು ಹಾಕಿದೆ. ಅಗ್ಗದ್ದು ಹದಿನೈದು ದಿನ, ದುಬಾರಿಯದು ಇಪ್ಪತ್ಮೂರು ದಿನ. ಅಷ್ಟೇ ವ್ಯತ್ಯಾಸ. ಒಂದು ಅಂಗಡಿಯಲ್ಲಿ, ನಮ್ಮ ಕೀಗೆ ಬೇಕಾದ ಸಿಆರ್2032 ಸೆಲ್ ಇಲ್ಲ ಅಂತ 2025 ಕೊಟ್ಟರು, "ಎರಡೂ ಒಂದೇ" ಅಂದರು. ಒಂದೇ ಅಲ್ಲ. ಮೊದಲ 20 ಅಂದರೆ ಅಗಲ, ಮಿಲಿಮೀಟರ್‌ನಲ್ಲಿ. ಕೊನೆಯ 32 ಅಂದರೆ 3.2 ಮಿ.ಮೀ. ದಪ್ಪ, 25 ಅಂದರೆ 2.5. ವೋಲ್ಟೇಜ್ ಎರಡರದ್ದೂ 3 ಇದ್ದರೂ ತೆಳ್ಳಗಿನದು ಒಳಗೆ ಸಡಿಲಾಗಿ ಕೂತು, ಒಮ್ಮೆ ಬಾಗಿಲು ತೆರೆಯುತ್ತದೆ, ಒಮ್ಮೆ ಇಲ್ಲ.

ಆಗ ನಮ್ಮ ಭಾವ ಹೇಳಿದ್ದು: "ಇನ್ನೊಂದು ಕೀ ಉಂಟಲ್ಲ, ಅದಕ್ಕೆ ಇದೇ ಸೆಲ್ ಹಾಕಿ ನೋಡು." ಹಾಕಿದೆವು. ಆ ಕೀಯಲ್ಲಿ ಅದೇ ಪಟ್ಟಿಯ ಸೆಲ್ ತಿಂಗಳುಗಟ್ಟಲೆ ಬಂತು. ಅಂದರೆ ತಪ್ಪು ಸೆಲ್‌ನದ್ದಲ್ಲ, ಕಾರಿನದ್ದೂ ಅಲ್ಲ. ನಿಮ್ಮ ಹತ್ತಿರ ಎರಡು ಕೀ ಇದ್ದರೆ ದಯವಿಟ್ಟು ಇದನ್ನೇ ಮೊದಲು ಮಾಡಿ, ಖರ್ಚು ಏನೂ ಇಲ್ಲ.

ಭಾವ ಯುಪಿಎಸ್ ರಿಪೇರಿ ಮಾಡುವವರು, ಮನೆಯಲ್ಲಿ ಕರೆಂಟ್, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇದೆ. ಸೆಲ್ ಮತ್ತು ಕೀ ಒಳಗಿನ ಸರ್ಕ್ಯೂಟ್ ಬೋರ್ಡ್ ನಡುವೆ ಮೀಟರ್ ಸೇರಿಸಿ, ಯಾವ ಬಟನ್ನೂ ಒತ್ತದೆ ಸುಮ್ನೆ ಮೇಜಿನ ಮೇಲೆ ಇಟ್ಟು ನೋಡಿದರು. ಒಳ್ಳೆಯ ಕೀಯಲ್ಲಿ 1 ಮೈಕ್ರೋಆಂಪ್ ಅಂತ ತೋರಿಸಿತು, ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು. ಕೆಟ್ಟ ಕೀಯಲ್ಲಿ 0.4 ಮಿಲಿಆಂಪ್, ಅಂದರೆ 400 ಮೈಕ್ರೋಆಂಪ್, ನಾನೂರು ಪಟ್ಟು. ಒಂದು 2032 ಸೆಲ್‌ನಲ್ಲಿ ಹತ್ತಿರಹತ್ತಿರ 220 ಮಿಲಿಆಂಪ್ ಅವರ್ ಇರುತ್ತದೆ, ಅಂದರೆ 1 ಮಿಲಿಆಂಪ್ ಹರಿದರೆ 220 ಗಂಟೆ ಬರುವಷ್ಟು. ಭಾಗಿಸಿ ನೋಡಿ, 550 ಗಂಟೆ, ಹತ್ತಿರಹತ್ತಿರ ಇಪ್ಪತ್ಮೂರು ದಿನ. ನನ್ನ ದುಬಾರಿ ಸೆಲ್ ಬದುಕಿದ್ದು ಸರಿಯಾಗಿ ಅಷ್ಟೇ! ಆ ಲೆಕ್ಕ ಕೂಡಿ ಬಂದಾಗ ಆದ ಸಮಾಧಾನ ಹೇಳತೀರದು. ನಲ್ಲಿ ಸೋರಿದ ಹಾಗೆ ಕರೆಂಟ್ ಸೋರುತ್ತಿದೆ ಅಂತ ಖಾತ್ರಿಯಾಯಿತು, ಇನ್ನು ಎಲ್ಲಿಂದ ಅಂತ ಹುಡುಕಿದರೆ ಆಯಿತು.

ಮೊದಲು ತೊಳೆದು ನೋಡಿದೆ. ಐಸೊಪ್ರೊಪಿಲ್ ಆಲ್ಕೋಹಾಲ್, ರಿಪೇರಿಯವರು ಐಪಿಎ ಅನ್ನುವುದು, ಸಣ್ಣ ಬಾಟಲಿ ನೂರಿಪ್ಪತ್ತು ರೂಪಾಯಿ. ಮೆತ್ತಗಿನ ಹಳೇ ಟೂತ್‌ಬ್ರಶ್‌ನಿಂದ ಬೋರ್ಡ್ ಉಜ್ಜಿದೆ. ಡಿಕ್ಕಿ ತೆರೆಯುವ ಬಟನ್ನಿನ ಸ್ವಿಚ್ ಕಾಲಿನ ಸುತ್ತ ಹಸಿರು ಕಿಲುಬು ಕಟ್ಟಿತ್ತು, ಹಳೇ ತಾಮ್ರದ ಹಂಡೆಯ ಅಂಚಿನಲ್ಲಿ ಕಟ್ಟುತ್ತದಲ್ಲ, ಅದೇ ಬಣ್ಣ, ಸಾಸಿವೆ ಕಾಳಿಗಿಂತ ಚಿಕ್ಕದು. ಉಜ್ಜಿ, ಒಂದು ರಾತ್ರಿ ಒಣಗಲು ಬಿಟ್ಟು ಅಳೆದರೆ 0.1 ಮಿಲಿಆಂಪ್. ಸೆಲ್ ಎರಡು ತಿಂಗಳು ಬಂತು. ವಾಸಿ, ಆದರೆ ವಾಸಿಯಾಗಿಲ್ಲ. ಹೊರಗಿನದು ಹೋಯಿತು, ಸ್ವಿಚ್ ಒಳಗೆ ಸೇರಿದ ತೇವಕ್ಕೆ ಬ್ರಶ್ ಮುಟ್ಟುವುದಿಲ್ಲ. ಕೀ ಮೊನ್ನೆ ಮೊನ್ನೆ ನೀರಿಗೆ ಬಿದ್ದಿದ್ದರೆ ಮಾತ್ರ ಇದು ತುಂಬಾ ಒಳ್ಳೆಯ ದಾರಿ. ತಕ್ಷಣ ಸೆಲ್ ತೆಗೆದು ತೊಳೆದರೆ ಕಿಲುಬು ಹಿಡಿಯುವ ಸಂಭವ ಕಡಿಮೆ.

ಆಮೇಲೆ ಹೊಸ ಕವರ್, ಅಂದರೆ ಬೋರ್ಡ್ ಕೂರುವ ಹೊರಗಿನ ಪ್ಲಾಸ್ಟಿಕ್ ಗೂಡು. ರಬ್ಬರ್ ಬಟನ್ ಹರಿದು ಅಲ್ಲಿಂದಲೇ ನೀರು ಹೋಗುತ್ತಿದೆ ಅನ್ನಿಸಿತ್ತು. ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡ್‌ನಲ್ಲಿ ನಾನೂರು ರೂಪಾಯಿಗೆ ತಂದೆ. ಇಲ್ಲಿ ಒಂದು ಎಚ್ಚರ ಬೇಕೇ ಬೇಕು. ಇಂಥ ಎಷ್ಟೋ ಕೀಗಳಲ್ಲಿ ಹಳೇ ಕವರ್‌ನ ಮೂಲೆಯಲ್ಲಿ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಚಿಪ್ ಇರುತ್ತದೆ. ಇಂಜಿನ್ ಸ್ಟಾರ್ಟ್ ಆಗಲು ಕಾರು ಓದುವುದು ಅದನ್ನೇ, ಅದಕ್ಕೆ ಸೆಲ್ ಬೇಡ, ಸ್ಟೀರಿಂಗ್ ಹತ್ತಿರ ಕೀ ಹಾಕಿದಾಗ ಕಾರೇ ಅದಕ್ಕೆ ಶಕ್ತಿ ಕೊಡುತ್ತದೆ. ಅದನ್ನು ಹೊಸ ಕವರಿಗೆ ಹಾಕದೆ ಹಳೆಯದನ್ನು ಕಸಕ್ಕೆ ಎಸೆದರೆ ಬಾಗಿಲು ತೆರೆಯುತ್ತದೆ, ಕಾರು ಹೊರಡುವುದಿಲ್ಲ. ನಾನು ಚಿಪ್ಪೇನೋ ಹುಷಾರಾಗಿ ಬದಲಿಸಿದೆ. ಆದರೆ ಹೊಸ ಬಟನ್ನಿನ ಒಳಗೆ ಸ್ವಿಚ್ ಒತ್ತುವ ರಬ್ಬರ್ ಮೊಳೆ ಅರ್ಧ ಮಿ.ಮೀ. ಉದ್ದ ಜಾಸ್ತಿ, ಕವರ್ ಮುಚ್ಚಿದ ಕೂಡಲೇ ಸ್ವಿಚ್ ಅರ್ಧ ಒತ್ತಿಕೊಂಡೇ ಇತ್ತು. ಮೂರೇ ದಿನಕ್ಕೆ ಸೆಲ್ ಖಾಲಿ. ಬ್ಲೇಡಿನಿಂದ ಆ ಮೊಳೆ ಕೆತ್ತಿ ಸರಿ ಮಾಡಿದೆ, ಆದರೂ ಹಳೇ ಸೋರಿಕೆ ಹಾಗೇ ಇತ್ತು. ಕವರ್ ಕೈಗೆ ಚೆನ್ನಾಗಿದೆ, ಮುಂದಿನ ಮಳೆ ತಡೆಯುತ್ತದೆ, ಹಳೇ ರೋಗಕ್ಕೆ ಮದ್ದಲ್ಲ.

ಈ ಹೊತ್ತಿಗೆ ಡ್ರಾಯರ್‌ನಲ್ಲಿ ಆರು ಖಾಲಿ ಸೆಲ್ ಇದ್ದವು, ಮನೆಯಲ್ಲಿ ಎರಡು ವರ್ಷದ ಮಗು. ಖಾಲಿಯಾದ ಸೆಲ್ ಕೂಡ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಒಳಗೆಲ್ಲ ಸುಟ್ಟು ಗಾಯ ಮಾಡಬಲ್ಲದು. ತೆಗೆದ ತಕ್ಷಣ ಟೇಪ್ ಸುತ್ತಿ ಮೇಲೆ ಇಡಿ.

ನನಗೆ ಕೆಲಸ ಕೊಟ್ಟಿದ್ದು ಸ್ವಿಚ್ ಬದಲಾವಣೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಒಬ್ಬ ಹುಡುಗ ಭೂತಗನ್ನಡಿ ಹಿಡಿದು ನೋಡಿ, "ಬೋರ್ಡ್ ಗಟ್ಟಿ ಉಂಟು ಮಾರಾಯ್ರೆ, ಸ್ವಿಚ್ ಮಾತ್ರ ಹೋದದ್ದು" ಅಂದ. ಡಿಕ್ಕಿ ಬಟನ್ನಿನ ಸ್ವಿಚ್ ಕಿತ್ತು ತೆಗೆದು ಮೀಟರ್ ಇಡಲು ಹೇಳಿದೆ. ಮುಳ್ಳು ಇಳಿದ ಹಾಗೆ ಅಂಕಿ ಸರ್ರನೆ ಇಳಿದು 1 ಮೈಕ್ರೋಆಂಪ್‌ಗೆ ಬಂದು ನಿಂತಿತು. ಇಷ್ಟು ತಿಂಗಳ ತಲೆನೋವು ಆ ಕಡಲೆಯಷ್ಟು ಸ್ವಿಚ್‌ನಲ್ಲಿತ್ತು! ಯಾರೂ ಒತ್ತದಿದ್ದರೂ ಅದರೊಳಗೆ ತೇವದ ದಾರಿಯಲ್ಲಿ ಕರೆಂಟ್ ಹರಿಯುತ್ತಿತ್ತು. ಇನ್ನೆರಡೂ ಹಳೆಯವೇ ಅಲ್ವಾ ಅಂತ ಮೂರನ್ನೂ ಹಾಕಿಸಿದೆ. ಇನ್ನೂರೈವತ್ತು ರೂಪಾಯಿ, ನಲವತ್ತು ನಿಮಿಷ. ಸ್ವಿಚ್ ಎತ್ತರ ಹಳೆಯದರಷ್ಟೇ ಇರಬೇಕು, ಅದೊಂದನ್ನು ಹೇಳಿ ಮಾಡಿಸಿ, ಇಲ್ಲದಿದ್ದರೆ ನನ್ನ ಕವರ್‌ನ ಕಥೆಯೇ ಮತ್ತೆ.

ಡುಪ್ಲಿಕೇಟ್ ಕೀಯನ್ನೂ ಮಾಡಿಸಿದ್ದೇನೆ, ಮನೆಗೆ ಮೂರನೆಯದೊಂದು ಬೇಕಿತ್ತು. ಕೀ ಮಾಡುವವರು ಮನೆಗೇ ಬಂದು, ಲ್ಯಾಪ್‌ಟಾಪ್ ಹಾಗೂ ಹೊಸ ಕೀಯನ್ನು ಕಾರಿಗೆ ಪರಿಚಯಿಸುವ ಪ್ರೋಗ್ರಾಮರ್ ಯಂತ್ರ ಸೇರಿಸಿ ಅರ್ಧ ಗಂಟೆಯಲ್ಲಿ ಮುಗಿಸಿದರು, 2,800 ರೂಪಾಯಿ. ಸ್ಟಾರ್ಟ್ ಆಗುತ್ತದೆ, ಸೆಲ್ ಬಾಳಿಕೆಯೂ ಚೆನ್ನಾಗಿದೆ. ದೂರ ಮಾತ್ರ ಕಡಿಮೆ: ಹಳೇ ಕೀ ಗೇಟಿನಿಂದಲೇ ಬಾಗಿಲು ತೆರೆಯುತ್ತದೆ, ಇದಕ್ಕೆ ಮೆಟ್ಟಿಲ ತನಕ ಬರಬೇಕು. ಮಾಡಿಸುವಾಗ ಇರುವ ಕೀಗಳನ್ನೆಲ್ಲ ಎದುರಿಗೆ ಇಟ್ಟುಕೊಳ್ಳಿ, ಕೆಲವು ಕಾರುಗಳಲ್ಲಿ ಹೊಸದನ್ನು ಸೇರಿಸುವಾಗ ಅಲ್ಲಿಲ್ಲದ ಕೀ ಕಾರಿನ ನೆನಪಿನಿಂದ ಅಳಿಸಿ ಹೋಗುತ್ತದೆ. ಗುರುತಿರುವವರ ಹತ್ತಿರವೇ ಮಾಡಿಸಿ, ಕಾರಿನ ಬೀಗ ಅಲ್ವಾ.

ಶೋರೂಮ್‌ನಲ್ಲಿ ವಿಚಾರಿಸಿದೆ ಅಷ್ಟೇ. ಪ್ರೋಗ್ರಾಮಿಂಗ್ ಸೇರಿ 8,900, ಆರ್.ಸಿ. ನಕಲು ಕೊಡಬೇಕು, ಮೂರು ವಾರ ಕಾಯಬೇಕು ಅಂದರು. ಎರಡೂ ಕೀ ಕಳೆದುಹೋದವರಿಗೆ, ಬೋರ್ಡೇ ಸುಟ್ಟವರಿಗೆ ಇದೇ ಸರಿ. ಇನ್ನೂರೈವತ್ತರ ಸ್ವಿಚ್‌ಗೋಸ್ಕರ ಆ ದುಡ್ಡು ಹಾಕಲು ನನಗೆ ಮನಸ್ಸು ಬರಲಿಲ್ಲ, ನಿಮಗೂ ಬೇಡ ಅನ್ನುತ್ತೇನೆ.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಿನವರಿಗೆ ಒಂದು ಮಾತು. ನಿಮ್ಮ ಕೀ ಕಾರಿನ ಸಿಗ್ನಲ್‌ಗೆ ಸಾಮಾನ್ಯವಾಗಿ ಕಿವಿಗೊಟ್ಟೇ ಇರುತ್ತದೆ. ಕಾರು ನಿಲ್ಲಿಸುವ ಜಾಗದ ಗೋಡೆಗೇ ಕೀ ತೂಗುಹಾಕಿದರೆ ಸೆಲ್ ಬೇಗ ಇಳಿಯಬಹುದು. ಬೋರ್ಡ್ ಬಿಚ್ಚುವ ಮೊದಲು ಒಂದು ತಿಂಗಳು ಕೀಯನ್ನು ಒಳಗಿನ ಕೋಣೆಯಲ್ಲಿಟ್ಟು ನೋಡಿ.

ಸ್ವಿಚ್ ಬದಲಿಸಿದ ದಿನ ಹಾಕಿದ ಸೆಲ್ಲೇ ಈಗಲೂ ನನ್ನ ಕೀಯಲ್ಲಿದೆ. ಅದಾದ ಮೇಲೆ ಒಂದು ಪೂರ್ತಿ ಮಳೆಗಾಲ ಕಳೆದಿದೆ. ಮೊನ್ನೆ ತೆಗೆದು ಅಳೆದಾಗ 3 ವೋಲ್ಟ್ ಇತ್ತು, ಒರೆಸಿ ಮತ್ತೆ ಒಳಗೆ ಹಾಕಿದೆ.