ಕಾಯಿಕೊರಕದ ಸಿದ್ಧ ಆಹಾರ ಮಿಶ್ರಣ: ಮೂರು ತಲೆಮಾರು ಸಾಕಿ ನೋಡಿದ ಮೇಲೆ

ಕಾಯಿಕೊರಕವನ್ನು, ಅಂದರೆ ಬೆಳೆಯ ಕಾಯಿಗಳನ್ನು ಕೊರೆದು ತಿನ್ನುವ ಹೆಲಿಕೋವರ್ಪಾ ಆರ್ಮಿಜೆರಾ ಎಂಬ ಪತಂಗದ ಹುಳುವನ್ನು, ಪ್ರಯೋಗಾಲಯದಲ್ಲಿ ವರ್ಷವಿಡೀ ಸಾಕುವವರಿಗೆ ಹಸಿ ಕಾಯಿ ಮತ್ತು ಎಲೆಗಳನ್ನು ದಿನವೂ ಹೊಂದಿಸುವ ಕಷ್ಟ ಗೊತ್ತೇ ಇದೆ. ಗಿಡದ ವಯಸ್ಸು ಬದಲಾದರೆ ಹುಳುವಿನ ತೂಕವೂ ಬದಲಾಗುತ್ತದೆ. ಹೊಲದಿಂದ ತಂದ ಕಾಯಿಯ ಮೇಲೆ ಕೀಟನಾಶಕದ ಉಳಿಕೆ ಇದ್ದರಂತೂ ಪ್ರಯೋಗವೇ ಕೆಡುತ್ತದೆ. ಆದ್ದರಿಂದ ನಾವು ಬಹುಕಾಲದಿಂದ ಕಡಲೆ ಹಿಟ್ಟು, ಯೀಸ್ಟ್, ಆಹಾರವನ್ನು ಹೆಪ್ಪುಗಟ್ಟಿಸುವ ಅಗರ್ ಮತ್ತು ವಿಟಮಿನ್‌ಗಳನ್ನು ನಾವೇ ತೂಗಿ ಕೃತಕ ಆಹಾರವನ್ನು ತಯಾರಿಸಿಕೊಳ್ಳುತ್ತಿದ್ದೆವು. ಈ ಬಾರಿ ಗೋಧಿ ಭ್ರೂಣ ಪ್ರಧಾನವಾಗಿರುವ ಸಿದ್ಧ ಮಿಶ್ರಣವೊಂದನ್ನು ತರಿಸಿ, ಅದರಲ್ಲಿ ಮೂರು ತಲೆಮಾರು ಸಾಕಿದೆವು.

ತಯಾರಿ ನಿಜಕ್ಕೂ ಸುಲಭ. ಅಗರನ್ನು ನೀರಿನಲ್ಲಿ ಕುದಿಸಿ ಕರಗಿಸಿ, ಪುಡಿಯನ್ನು ಸೇರಿಸಿ ಗಂಟಾಗದಂತೆ ಮಿಕ್ಸಿಯಲ್ಲಿ ತಿರುವಿ, ಬಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ನಂತರ ಬೇರೆ ಪೊಟ್ಟಣದಲ್ಲಿರುವ ವಿಟಮಿನ್‌ಗಳನ್ನು ಬೆರೆಸಬೇಕು. ಆಸ್ಕಾರ್ಬಿಕ್ ಆಮ್ಲವು, ಅಂದರೆ ವಿಟಮಿನ್ ಸಿ, ಕುದಿಯುವ ಬಿಸಿಯಲ್ಲಿ ಬೇಗ ಕೆಡುವುದರಿಂದ ಅದನ್ನು ಪ್ರತ್ಯೇಕವಾಗಿ ಕೊಟ್ಟಿರುವುದು ತುಂಬಾ ಸರಿಯಾದ ಕ್ರಮ. ಹೆಪ್ಪುಗಟ್ಟಿದ ಆಹಾರವನ್ನು ಬೆರಳಿನಿಂದ ಒತ್ತಿದರೆ ತುಸು ಮಣಿದು ಮತ್ತೆ ಮೇಲೇಳುತ್ತದೆ, ಮೇಲ್ಮೈಯಲ್ಲಿ ನೀರು ಬಿಡುವುದಿಲ್ಲ. ಇದು ಸಣ್ಣ ಗುಣವಲ್ಲ. ಆಗತಾನೇ ಮೊಟ್ಟೆಯೊಡೆದು ಬಂದ ಮರಿಹುಳು ಒಂದು ಹನಿ ನೀರಿನಲ್ಲೂ ಸಿಕ್ಕಿ ಸಾಯುತ್ತದೆ. ಬೆಳೆದಂತೆ ಈ ಹುಳುಗಳು ಒಂದನ್ನೊಂದು ತಿನ್ನುವುದರಿಂದ ಒಂದೊಂದನ್ನೂ ಬೇರೆ ಬೇರೆ ಕುಳಿಯಲ್ಲಿಡಬೇಕಾಗುತ್ತದೆ, ಮತ್ತು ತಟ್ಟೆಯ ಕುಳಿಗಳಿಗೆ ಸುರಿಯಲು ಮಿಶ್ರಣವು ಬೇಕಾದಷ್ಟು ತೆಳುವಾಗಿ ಹರಿಯುತ್ತದೆ. ಹುಳು ಕೋಶವಾಗುವವರೆಗೂ, ಅಂದರೆ ಪತಂಗವಾಗುವ ಮುಂಚಿನ ನಿಶ್ಚಲ ಹಂತಕ್ಕೆ ಬರುವವರೆಗೂ, ಬೂಷ್ಟು ಬರಲಿಲ್ಲ.

ಮರಿಹುಳು ದಪ್ಪಗಾದ ಮಾತ್ರಕ್ಕೆ ಆಹಾರ ಒಳ್ಳೆಯದೆಂದು ತೀರ್ಮಾನಿಸಬಾರದು. ಪತಂಗವು ಹಾರಿ, ಕೂಡಿ, ಮರಿಯಾಗುವ ಮೊಟ್ಟೆಯಿಟ್ಟ ಮೇಲೆಯೇ ಆಹಾರವನ್ನು ಮೆಚ್ಚಬೇಕು. ಮೊದಲ ಎರಡು ತಲೆಮಾರುಗಳಲ್ಲಿ ಹಾಗೆಯೇ ಆಯಿತು. ಮೂರನೆಯದರಲ್ಲಿ, ಬಾಯಿ ತೆರೆದು ಕೆಲವು ತಿಂಗಳು ಕಪಾಟಿನಲ್ಲಿದ್ದ ಪೊಟ್ಟಣವನ್ನು ಅರ್ಧದಷ್ಟು ತಟ್ಟೆಗಳಿಗೆ ಬಳಸಿದೆವು. ಆ ತಟ್ಟೆಗಳ ಹುಳುಗಳೂ ಕೋಶಗಳೂ ನೋಡಲು ಸರಿಯಾಗಿಯೇ ಇದ್ದವು. ಆದರೆ ಹೊರಬಂದ ಪತಂಗಗಳಲ್ಲಿ ಅನೇಕವು ಪಂಜರದ ಬಟ್ಟೆಗೆ ಜೋತುಬಿದ್ದು ಗಂಟೆಗಟ್ಟಲೆ ಕಳೆದರೂ ಅವುಗಳ ರೆಕ್ಕೆಗಳು ನೆನೆದ ಕಾಗದದಂತೆ ಮುದುಡಿಕೊಂಡೇ ಇದ್ದವು. ತೇವಾಂಶ ಕಡಿಮೆಯಾದರೂ ಹೀಗಾಗುವುದುಂಟು, ಆದರೆ ಕೋಣೆಯ ತೇವಾಂಶ ಸರಿಯಿತ್ತು, ಮತ್ತು ಹೊಸ ಪೊಟ್ಟಣದ ಆಹಾರ ತಿಂದು ಅದೇ ಪಂಜರಕ್ಕೆ ಬಂದ ಪತಂಗಗಳ ರೆಕ್ಕೆ ಚೆನ್ನಾಗಿ ಅರಳಿದ್ದವು. ಹಳೆಯ ಪುಡಿಯನ್ನು ಮೂಸಿದಾಗ ಎಣ್ಣೆಯ ಕಮಟು ವಾಸನೆ ಬಂತು. ಪತಂಗಗಳ ರೆಕ್ಕೆ ಅರಳಲು ಲಿನೊಲೆನಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಬೇಕು, ಮರಿಹುಳು ಅದನ್ನು ಆಹಾರದಿಂದಲೇ ಪಡೆಯಬೇಕು. ಗೋಧಿ ಭ್ರೂಣದ ಎಣ್ಣೆಯಲ್ಲಿರುವ ಆ ಆಮ್ಲ ಗಾಳಿಗೆ ತೆರೆದಿಟ್ಟರೆ ಕೆಡುತ್ತದೆ. ಇಂಥ ಪುಡಿಯ ಪೊಟ್ಟಣದ ಮೇಲೆ ಕೇವಲ ‘ಒಣ ಜಾಗದಲ್ಲಿಡಿ’ ಎಂದು ಬರೆದರೆ ಸಾಲದು, ತಣ್ಣನೆಯ ಜಾಗದಲ್ಲಿ ಮುಚ್ಚಿಡಬೇಕೆಂದೂ ತೆರೆದ ಮೇಲೆ ಎಷ್ಟು ದಿನ ಬಳಸಬಹುದೆಂದೂ ಸ್ಪಷ್ಟವಾಗಿ ಮುದ್ರಿಸಬೇಕು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಆಹಾರ ಕೆಡದಂತೆ ಬೆರೆಸುವ ಬೂಷ್ಟುನಿರೋಧಕ, ಫಾರ್ಮಾಲಿನ್, ಪ್ರತಿಜೀವಕ ಇವುಗಳಲ್ಲಿ ಯಾವುದು ಎಷ್ಟಿದೆ ಎಂದು ತಯಾರಕರು ತಿಳಿಸಿಲ್ಲ. ಕೇಳಿದಾಗ ಅದು ವ್ಯಾಪಾರದ ಗುಟ್ಟು ಎಂಬ ಉತ್ತರ ಬಂತು. ಕೇವಲ ಹುಳು ಸಾಕುವವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಹುಳುವನ್ನು ಕೊಲ್ಲುವ ಎನ್‌ಪಿವಿ ವೈರಾಣು, ಬಿಟಿ ಬ್ಯಾಕ್ಟೀರಿಯಾದಂಥ ಜೈವಿಕ ಕೀಟನಾಶಕಗಳನ್ನು ಪರೀಕ್ಷಿಸುವವರಿಗೆ ತೊಂದರೆಯಿದೆ: ಫಾರ್ಮಾಲಿನ್ ಎನ್‌ಪಿವಿ ವೈರಾಣುವನ್ನು ನಿಷ್ಕ್ರಿಯಗೊಳಿಸುತ್ತದೆ, ಪ್ರತಿಜೀವಕವು ಬಿಟಿ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುತ್ತದೆ. ಇವು ಆಹಾರದಲ್ಲಿದ್ದರೆ ಹುಳು ಸಾಯದಿದ್ದುದಕ್ಕೆ ಕಾರಣ ಜೈವಿಕ ಕೀಟನಾಶಕದ ದೌರ್ಬಲ್ಯವೋ ಆಹಾರದ ರಾಸಾಯನಿಕವೋ ಎಂದು ಹೇಳಲಾಗುವುದಿಲ್ಲ. ಒಬ್ಬ ವಿದ್ಯಾರ್ಥಿಯ ತಿಂಗಳುಗಳ ಶ್ರಮ ಇದರಿಂದ ವ್ಯರ್ಥವಾಗಬಹುದೆಂಬುದು ನನ್ನನ್ನು ಕಾಡುತ್ತದೆ. ಇವುಗಳನ್ನೂ ವಿಟಮಿನ್‌ಗಳಂತೆಯೇ ಬೇರೆ ಪೊಟ್ಟಣದಲ್ಲಿ ಕೊಡಬೇಕೆಂದು ತಯಾರಕರಿಗೆ ಬರೆದಿದ್ದೇನೆ. ಸದ್ಯಕ್ಕೆ ಮೂಲ ಸಂತತಿಯನ್ನು ಉಳಿಸಿಕೊಳ್ಳಲು ಮಾತ್ರ ಈ ಮಿಶ್ರಣವನ್ನು ಬಳಸುತ್ತಿದ್ದೇವೆ. ಪರೀಕ್ಷೆಯ ತಟ್ಟೆಗಳಿಗೆ ಮತ್ತೆ ನಾವೇ ತೂಗಿ ಬೇಯಿಸುತ್ತಿದ್ದೇವೆ.