ಮೆಣಸಿನಕಾಯಿ ಧೂಳಿನಲ್ಲಿ ನಾಲ್ಕು ವರ್ಷ ದುಡಿದ ಸಣ್ಣ ಲ್ಯಾಪ್‌ಟಾಪ್

2021ರ ಡಿಸೆಂಬರ್‌ನಲ್ಲಿ, ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಬರತೊಡಗಿದ್ದ ವಾರ, ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ 22,500 ರೂಪಾಯಿ ಕೊಟ್ಟು ಈ ಲ್ಯಾಪ್‌ಟಾಪ್ ತಂದೆ. 11.6 ಅಂಗುಲದ ಪರದೆ, ಇಂಟೆಲ್ ಸೆಲೆರಾನ್ ಎನ್4020 ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸಂಗ್ರಹ. ತೂಕ ಒಂದು ಕಿಲೋಗಿಂತ ತುಸು ಹೆಚ್ಚು. ಬ್ಯಾಡಗಿಯ ಐದು ದಲಾಲಿ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಹಾವೇರಿಯಿಂದ ಮೋಟೆಬೆನ್ನೂರಿನ ಮೇಲೆ ಬಸ್ಸಿನಲ್ಲಿ ಹೋಗಿ, ಅಂಗಡಿಯಿಂದ ಅಂಗಡಿಗೆ ನಡೆದು, ಗಾದಿಯ ಮೇಲೆ ಕಾಲು ಮಡಚಿ ಕೂತು ಬರೆಯುವ ಕೆಲಸವಿದು. ಮೇಜು, ಕುರ್ಚಿ ಸಿಗುವುದು ಒಂದೇ ಅಂಗಡಿಯಲ್ಲಿ. ಮೊದಲ ದಿನ ಇದನ್ನು ತೊಡೆಯ ಮೇಲೆ ತೆರೆದಾಗ ಹಿರಿಯ ದಲಾಲರೊಬ್ಬರು, “ಏನ್ರೀ, ಇಷ್ಟು ಸಣ್ಣದ್ರಾಗ ನಮ್ಮ ಎಲ್ಲಾ ಲೆಕ್ಕ ಹಿಡೀತದೇನ್ರಿ?” ಎಂದು ಕೇಳಿದ್ದರು. ಹಿಡಿದಿದೆ. ಆದರೆ ಹೇಗೆ ಹಿಡಿಸಬೇಕೆಂಬುದನ್ನು ಕಲಿಯಲು ನನಗೆ ಒಂದು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಈ ಯಂತ್ರವನ್ನು ಆರಿಸಿದ ಕಾರಣವನ್ನು ಮೊದಲು ಹೇಳಬೇಕು, ಏಕೆಂದರೆ ಅದು ಬೆಲೆಯಲ್ಲ. ಇದಕ್ಕೆ ಫ್ಯಾನ್ ಇಲ್ಲ. ಮೆಣಸಿನಕಾಯಿ ಚೀಲ ಬಿಚ್ಚಿ ಲಾಟ್ ಸುರಿಯುವಾಗ ಏಳುವ ಧೂಳು, ಬೀಜ, ತೊಟ್ಟಿನ ಚೂರು ಎಂಥವೆಂಬುದು ಹಂಗಾಮಿನಲ್ಲಿ ಬ್ಯಾಡಗಿಯ ಪ್ರಾಂಗಣಕ್ಕೆ ಕಾಲಿಟ್ಟವರಿಗೆ ಗೊತ್ತು. ಹೊಸಬರು ಹತ್ತು ನಿಮಿಷ ಕೆಮ್ಮದೆ ನಿಲ್ಲಲಾರರು. ನನ್ನ ಹಿಂದಿನ 15 ಅಂಗುಲದ ಲ್ಯಾಪ್‌ಟಾಪ್ ಆ ಧೂಳನ್ನು ಎರಡು ಹಂಗಾಮು ಒಳಗೆಳೆದುಕೊಂಡು, ಕೊನೆಗೆ ಫ್ಯಾನ್ ಸಿಕ್ಕಿಹಾಕಿಕೊಂಡು ಕಾಯ್ದು ಕಾಯ್ದು ನಿಂತುಹೋಯಿತು. ದುರಸ್ತಿಯವನು ಅದನ್ನು ಬಿಚ್ಚಿದಾಗ ಫ್ಯಾನಿನ ರೆಕ್ಕೆಗಳ ನಡುವೆ ಕೆಂಪು ಹಿಟ್ಟು ಮೆತ್ತಿಕೊಂಡಿದ್ದುದನ್ನು ನಾನೇ ಕಂಡಿದ್ದೇನೆ. ಎನ್4020 ಕೇವಲ 6 ವ್ಯಾಟ್ ಶಾಖಕ್ಕೆ ರೂಪಿಸಿದ ಪ್ರೊಸೆಸರ್ ಆದ್ದರಿಂದ, ಆ ಶಾಖವನ್ನು ಒಂದು ಲೋಹದ ತಗಡೇ ಹರಡಿ ಹೊರಹಾಕುತ್ತದೆ. ಹೊರಗಿನ ಗಾಳಿಯನ್ನು ಎಳೆದುಕೊಳ್ಳುವ ಅಗತ್ಯವೇ ಇಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಕೆಳಭಾಗ ಬಿಸಿಯಾಗುತ್ತದೆ, ವೇಗವೂ ಸ್ವಲ್ಪ ತಗ್ಗುತ್ತದೆ, ಆದರೆ ಈ ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಕಾಯ್ದು ಆರಿಹೋಗಿಲ್ಲ.

ಧೂಳು ಒಳಗೆ ಹೋಗದಿದ್ದರೂ ಕೀಲಿಗಳ ಸಂದಿಗಂತೂ ಇಳಿಯುತ್ತದೆ. ಪ್ರತಿ ಶನಿವಾರ ರಾತ್ರಿ ಯಂತ್ರ ಆರಿಸಿ, ಹಳೆಯ ಪತ್ರಿಕೆಯ ಮೇಲೆ ಬೋರಲಾಗಿ ಹಿಡಿದು, ಹಿಂಬದಿಯನ್ನು ಅಂಗೈಯಿಂದ ಮೆಲ್ಲಗೆ ತಟ್ಟುತ್ತೇನೆ. ಹಂಗಾಮಿನಲ್ಲಿ ಅರ್ಧ ಚಮಚದಷ್ಟು ಕೆಂಪು ಪುಡಿ, ಅದರೊಳಗೆ ಎರಡು ಮೂರು ಹಳದಿ ಬೀಜ ಉದುರುತ್ತವೆ. ಆಮೇಲೆ ಬಣ್ಣ ಬಳಿಯುವ ಮೆತ್ತನೆಯ ಕುಂಚದಿಂದ ಒಂದೊಂದೇ ಸಾಲು ಗುಡಿಸುತ್ತೇನೆ. ಬಾಯಿಂದ ಊದುವ ತಪ್ಪನ್ನು ಮಾಡಬಾರದು. ಪುಡಿ ಕಣ್ಣಿಗೆ ಹಾರುತ್ತದೆ, ಉಗುಳಿನ ಹಸಿಗೆ ಕೀಲಿಯ ಕೆಳಗೆ ಅಂಟಿಯೂ ಬಿಡುತ್ತದೆ. ಇಷ್ಟು ಜೋಪಾನ ಮಾಡಿಯೂ ಮೂರನೆಯ ವರ್ಷ ಎಂಟರ್ ಕೀಲಿ ಗಟ್ಟಿಯಾಗಿ ಒತ್ತಿದರೆ ಮಾತ್ರ ಕೇಳುವಂತಾಯಿತು. ಇಂಥ ಅಗ್ಗದ ಯಂತ್ರಗಳಲ್ಲಿ ಕೀಲಿಮಣೆಯನ್ನು ಮೇಲಿನ ಕವಚಕ್ಕೇ ಕಾಯಿಸಿ ಬೆಸೆದಿರುತ್ತಾರೆ, ಹೀಗಾಗಿ ಒಂದು ಕೀಲಿಗಾಗಿ ಇಡೀ ಕವಚವನ್ನೇ ಬದಲಿಸಬೇಕಾಗುತ್ತದೆ. ನಾನು ಬದಲಿಸಲಿಲ್ಲ, ಬಲಬದಿಗೆ 350 ರೂಪಾಯಿಯ ಪ್ರತ್ಯೇಕ ಅಂಕಿಮಣೆಯೊಂದನ್ನು ಜೋಡಿಸಿಕೊಂಡೆ. ತೂಕ, ದರ, ಹಮಾಲಿ ಎಂದು ದಿನವಿಡೀ ಅಂಕಿಗಳನ್ನೇ ಒತ್ತುವವನಿಗೆ ಅದನ್ನು ಮೊದಲೇ ಕೊಳ್ಳಬೇಕಾಗಿತ್ತು.

ಇನ್ನು ನನ್ನನ್ನು ನಿಜವಾಗಿ ಕಾಡಿದ ಸಂಗತಿಗೆ ಬರುತ್ತೇನೆ. 64 ಜಿಬಿ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಕಂಪ್ಯೂಟರಿನ ಎಣಿಕೆಯಲ್ಲಿ ಅದು 60ರ ಒಳಗೇ ಉಳಿಯುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಜೊತೆಗೆ ಬಂದಿದ್ದ ಕಾರ್ಯಾಚರಣಾ ವ್ಯವಸ್ಥೆ ಮತ್ತು ಅದರ ಮರುಸ್ಥಾಪನೆಯ ಭಾಗ ಹಿಡಿದಿದ್ದವು. ಇಎಂಎಂಸಿ ಎಂಬುದು ಮದರ್‌ಬೋರ್ಡಿಗೇ ಬೆಸೆದ ಚಿಪ್. ತೆಗೆದು ದೊಡ್ಡದನ್ನು ಹಾಕುವಂತಿಲ್ಲ. ನಾನು ಇದನ್ನು ತಿಳಿಯದೆ ಬಿಲ್ಲುಗಳ ಫೋಟೋ, ಹಳೆಯ ವರ್ಷಗಳ ಕಡತ ಎಲ್ಲವನ್ನೂ ಅದರಲ್ಲೇ ತುಂಬಿದೆ. 2023ರ ಫೆಬ್ರವರಿ 20, ಸೋಮವಾರ. ಮಾಲು ತುಂಬಿ ಬರುವ ಕಾಲ, ಮೇಲಾಗಿ ಜಿಎಸ್‌ಟಿಆರ್-3ಬಿ ಎಂಬ ತಿಂಗಳ ತೆರಿಗೆ ರಿಟರ್ನ್ ಸಲ್ಲಿಸಲು ಕಡೆಯ ದಿನ. ಬೆಳಿಗ್ಗೆ ಶುರುವಾದ ನವೀಕರಣವೊಂದು ಜಾಗ ಸಾಲದೆ ನಡುವೆ ನಿಂತು, ಹಿಂದಕ್ಕೆ ಹೋಗಿ, ಮತ್ತೆ ಶುರುವಾಗಿ, ಸಂಜೆ ನಾಲ್ಕರವರೆಗೆ ಯಂತ್ರವನ್ನು ಮುಟ್ಟಗೊಡಲಿಲ್ಲ. ಮೂರು ಅಂಗಡಿಗಳ ರಿಟರ್ನನ್ನು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಕೂತು ಮುಗಿಸಿದೆ. ನಾಲ್ಕನೆಯದು ಮರುದಿನಕ್ಕೆ ಹೋಯಿತು. ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ಅದನ್ನು ನಾನೇ ಕಟ್ಟಿದೆ. ಮೊತ್ತ ದೊಡ್ಡದಲ್ಲ, ಆದರೆ ಹನ್ನೆರಡು ವರ್ಷಗಳಲ್ಲಿ ಒಂದು ದಿನವೂ ತಪ್ಪದಿದ್ದ ಅಂಗಡಿಯ ಲೆಕ್ಕ ಅದು. ಆ ಮಾಲೀಕರ ಎದುರು ನಿಂತು ಹೇಳುವುದು ನನಗೆ ಬಹಳ ಕಷ್ಟವಾಯಿತು.

ಆ ಹಂಗಾಮು ಮುಗಿದ ಮೇಲೆ ಸೋದರಳಿಯನ ನೆರವಿನಿಂದ ಆ ವ್ಯವಸ್ಥೆಯ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿದೆ. ವ್ಯವಸ್ಥೆ, ಲೆಕ್ಕದ ಹಾಳೆಗೆ ಬೇಕಾದ ಲಿಬ್ರೆಆಫೀಸ್, ಬ್ರೌಸರ್ ಎಲ್ಲ ಸೇರಿ ಸುಮಾರು 15 ಜಿಬಿಯಲ್ಲಿ ಮುಗಿದವು. ನವೀಕರಣವನ್ನು ಯಾವಾಗ ಮಾಡಬೇಕೆಂಬುದು ಈಗ ನನ್ನ ಕೈಯಲ್ಲಿದೆ, ಭಾನುವಾರ ಮಾಡುತ್ತೇನೆ. ಹತ್ತು ಸಾವಿರ ಸಾಲುಗಳ ಲೆಕ್ಕದ ಹಾಳೆಯನ್ನು ರೈತರ ಹೆಸರಿನ ಪ್ರಕಾರ ಜೋಡಿಸಲು ನಾಲ್ಕೈದು ಸೆಕೆಂಡು ಹಿಡಿಯುತ್ತದೆ, ಅದು ನನಗೆ ಸಾಕು. ಬ್ರೌಸರಿನಲ್ಲಿ ಆರೇಳು ಪುಟ ತೆರೆದರೆ ಮಾತ್ರ 4 ಜಿಬಿ ರ‍್ಯಾಮ್ ಏದುಸಿರು ಬಿಡುತ್ತದೆ. ರಿಟರ್ನುಗಳನ್ನು ಮಾಲೀಕರ ಮೊಬೈಲಿಗೆ ಬರುವ ಓಟಿಪಿಯಿಂದ ದೃಢೀಕರಿಸುವುದರಿಂದ ಲಿನಕ್ಸಿನಲ್ಲಿ ತೊಡಕಿಲ್ಲ. ಐದರಲ್ಲಿ ಒಂದು ಅಂಗಡಿ ಕಂಪನಿಯಾಗಿ ನೋಂದಣಿಯಾಗಿದೆ. ಅದಕ್ಕೆ ಡಿಜಿಟಲ್ ಸಹಿ ಕಡ್ಡಾಯವಾದ್ದರಿಂದ, ಅದನ್ನೂ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದ ಕೆಲಸವನ್ನೂ ಅಂಗಡಿಯ ಮೇಜಿನ ಕಂಪ್ಯೂಟರಿನಲ್ಲೇ ಮಾಡುತ್ತೇನೆ.

ಕನ್ನಡದ ಬಗ್ಗೆ ಹೇಳದೆ ಈ ಬರಹ ಮುಗಿಯಲಾರದು. ರೈತರ ಪಟ್ಟಿಗಳನ್ನು, ಅಂದರೆ ಅವರ ಮಾಲಿನ ಲೆಕ್ಕದ ಚೀಟಿಗಳನ್ನು, ನಾನು ಕನ್ನಡದಲ್ಲೇ ಬರೆಯುತ್ತೇನೆ. ಹಣ ಪಡೆಯುವವರು ತಮ್ಮ ಹೆಸರನ್ನು ತಾವೇ ಓದಿಕೊಳ್ಳಬೇಕು ಎಂಬುದು ನನ್ನ ಹಟ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸ ಲಿನಕ್ಸಿನಲ್ಲಿಯೂ ಸಿಗುವುದರಿಂದ ಬೆರಳುಗಳ ಅಭ್ಯಾಸವನ್ನು ಬದಲಿಸಬೇಕಾಗಲಿಲ್ಲ. ತೊಂದರೆ ಪರದೆಯದು. 1366×768 ಚುಕ್ಕಿಗಳ ಈ ಮಂದ ಪರದೆಯಲ್ಲಿ ಸಣ್ಣ ಅಕ್ಷರದ ಒತ್ತುಗಳು ಕಲಸಿಹೋಗುತ್ತವೆ. ‘ಫಕೀರಪ್ಪ’, ‘ಫಕ್ಕೀರಪ್ಪ’ ಎಂದು ಒಬ್ಬರದೇ ಹೆಸರು ಎರಡು ಬಗೆಯಲ್ಲಿ ದಾಖಲಾಗಿ, ಒಬ್ಬರ ಹಣ ಎರಡು ಖಾತೆಗಳಿಗೆ ಹಂಚಿಹೋದದ್ದು ವಾರದ ಬಳಿಕ ಗೊತ್ತಾಯಿತು. ಅಂದಿನಿಂದ ಅಕ್ಷರದ ಗಾತ್ರವನ್ನು 14ಕ್ಕಿಂತ ಕೆಳಗಿಳಿಸಿಲ್ಲ. ಬಿಸಿಲಿನಲ್ಲಿ, ತೂಕದ ಕಾಟಾದ ಹತ್ತಿರ ನಿಂತು ಓದುವುದಂತೂ ಆಗದ ಮಾತು. ಅಲ್ಲಿ ಇಂದಿಗೂ ಕಾಗದ, ಪೆನ್ನು.

ಕೊಳ್ಳುವವರು ಕೇಳಿದರೆ ನಾನು ಹೇಳುವುದು ಇಷ್ಟು: ಪ್ರೊಸೆಸರಿನ ಹೆಸರು ನೋಡುವ ಮೊದಲು ಸಂಗ್ರಹವನ್ನು ಬದಲಿಸಲು ಬರುತ್ತದೆಯೇ ಎಂದು ಕೇಳಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಬೇಕು; ಕನಿಷ್ಠದಷ್ಟನ್ನೇ ಕೊಂಡರೆ ನಿಮ್ಮ ಕಡತಗಳಿಗೆ ಏನು ಉಳಿಯುತ್ತದೆ ಎಂಬುದನ್ನು ಲೆಕ್ಕ ಹಾಕಿಕೊಳ್ಳಿ. 2023ರಲ್ಲಿ ಬಂದ ಇಂಟೆಲ್ ಎನ್100 ಪ್ರೊಸೆಸರ್ ಕೂಡ 6 ವ್ಯಾಟಿನದೇ, ಎರಡರ ಬದಲು ನಾಲ್ಕು ಕೋರ್ ಹೊಂದಿದೆ. ಆದರೆ ಅದನ್ನು ಹಾಕಿದ ಎಲ್ಲ ಲ್ಯಾಪ್‌ಟಾಪುಗಳೂ ಫ್ಯಾನ್ ಇಲ್ಲದವಲ್ಲ, ತಿರುಗಿಸಿ ಕೆಳಗಿನ ಕಿಂಡಿಗಳನ್ನು ನೋಡಿಯೇ ತೀರ್ಮಾನಿಸಬೇಕು. ವಿಡಿಯೋ ಸಂಕಲನ, ದೊಡ್ಡ ಚಿತ್ರಗಳ ಕೆಲಸ ಇರುವವರಿಗೆ ಈ ಬಗೆಯ ಯಂತ್ರ ಬೇಡವೇ ಬೇಡ.

ಹೊಸದಿದ್ದಾಗ ಏಳು ಗಂಟೆ ಬರುತ್ತಿದ್ದ ಬ್ಯಾಟರಿ ಕಳೆದ ಮಳೆಗಾಲದ ಹೊತ್ತಿಗೆ ಮೂರೂವರೆ ಗಂಟೆಗೆ ಇಳಿದಿತ್ತು. ಹಂಗಾಮಿನಲ್ಲಿ ಸಂಜೆಯ ಪಟ್ಟಿ ಬರೆಯುವ ಹೊತ್ತಿಗೆ ಕರೆಂಟು ಹೋದರೆ ರೈತರನ್ನು ಕಾಯಿಸಬೇಕಾಗುತ್ತದೆ, ಅದು ನನಗೆ ಒಪ್ಪದು. ಹುಬ್ಬಳ್ಳಿಗೆ ಹೋಗಿ 2,800 ರೂಪಾಯಿಗೆ ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದೆ. ಕವಚ ಬಿಚ್ಚಿದಾಗ ಪಕ್ಕದಲ್ಲೇ ನಿಂತು ನೋಡಿದೆ: ಕೀಲಿಮಣೆಯ ಅಂಚಿನಲ್ಲಿ ಒಂದು ಕೆಂಪು ಗೆರೆ ಇತ್ತು, ಒಳಗಿನ ಬೋರ್ಡು ಸ್ವಚ್ಛವಾಗಿತ್ತು.