ಐರ್ಲೆಂಡ್, ಮುಂಬೈ, ಇಲ್ಲಾ ನಮ್ಮ ಗೋಡೌನ್: ಲೆಕ್ಕ ಎಲ್ಲಿಡೋದು?

ಬಳ್ಳಾರಿಯ ಒಂದು ಜೀನ್ಸ್ ಕಂಪನಿಯಲ್ಲಿ ಲೆಕ್ಕ, ಕಂಪ್ಯೂಟರ್ ಎರಡೂ ನನ್ನ ತಲೆಗೇ ಕಟ್ಟಿದ್ದಾರೆ. ಹೊಲಿಗೆ ಇಲ್ಲೇ, ಕೌಲ್ ಬಜಾರ್‌ನಲ್ಲಿ. ಗಿರಾಕಿಗಳಲ್ಲಿ ಒಬ್ಬರು ಮಾತ್ರ ಜರ್ಮನಿಯವರು. ಆ ಒಬ್ಬರ ದೆಸೆಯಿಂದ ಮೂರು ವರ್ಷದಲ್ಲಿ ಮೂರು ಕಡೆ ಡೇಟಾ ಇಟ್ಟು ನೋಡಿದೆ.

ಮೊದಲು ಅಮೆರಿಕದ ಒಂದು ಕಂಪನಿಯ ಕ್ಲೌಡ್. ಸರ್ವರ್ ಐರ್ಲೆಂಡ್‌ನಲ್ಲಿ. ತಮ್ಮ ಜನರ ಹೆಸರು, ಫೋನ್ ನಂಬರ್ ಯುರೋಪ್‌ನಲ್ಲೇ ಇರುತ್ತೆ ಅಂತ ಜರ್ಮನಿಯವರಿಗೆ ಖುಷಿ. (ನಾನು ಬಳ್ಳಾರಿಯಲ್ಲಿ ಕೂತು ತೆರೆದರೆ ಅದೂ ಹೊರಗೆ ಹೋದ ಲೆಕ್ಕವೇ. ಅದಕ್ಕೆ ಬೇರೆ ಕರಾರು ಬರೆದುಕೊಟ್ಟಿದ್ದೆವು.) ಖುಷಿಯಿಲ್ಲದವರು ನಮ್ಮ ಆಡಿಟರ್. "ಬ್ಯಾಕಪ್ ದಿನಾ ಭಾರತದಾಗಿರೋ ಸರ್ವರ್‌ಗೆ ಹೋಗ್ತದೇನ್ರೀ?" ಕಂಪನಿ ಕಾನೂನಿನ ನಿಯಮ ಅದು. 2022ರಿಂದ 'ದಿನಾ' ಅಂತಲೇ ಇದೆ.

ಐರ್ಲೆಂಡ್‌ನಲ್ಲಿದ್ದರೆ ಅಮೆರಿಕದ ಕೈ ತಲುಪಲ್ಲ ಅಂದುಕೊಂಡಿದ್ದೆ. ಓದಿದ ಮೇಲೆ ಆ ಧೈರ್ಯ ಹೋಯಿತು. 2013ರಲ್ಲಿ ಡಬ್ಲಿನ್ ಸರ್ವರ್‌ನಲ್ಲಿದ್ದ ಈಮೇಲ್ ಕೊಡಿ ಅಂತ ಅಮೆರಿಕದ ಕೋರ್ಟ್ ಮೈಕ್ರೋಸಾಫ್ಟ್‌ಗೆ ವಾರಂಟ್ ಕಳಿಸಿತ್ತು. 2016ರ ಮೇಲ್ಮನವಿಯಲ್ಲಿ ಮೈಕ್ರೋಸಾಫ್ಟ್ ಗೆದ್ದಿತು. ಸುಪ್ರೀಂ ಕೋರ್ಟ್ ತೀರ್ಪು ಬರೋ ಮೊದಲೇ, 2018ರ ಮಾರ್ಚ್‌ನಲ್ಲಿ ಕ್ಲೌಡ್ ಆಕ್ಟ್ ಅನ್ನೋ ಅಮೆರಿಕದ ಕಾನೂನು ಬಂತು. ಡೇಟಾ ಅಮೆರಿಕದ ಕಂಪನಿಯ ಹಿಡಿತದಲ್ಲಿದ್ದರೆ ಸಾಕು, ಪೆಟ್ಟಿಗೆ ಯಾವ ದೇಶದಲ್ಲಿದ್ದರೂ ಕೇಳಬಹುದು. ಅದೇ ವರ್ಷ ಮೇ 25ಕ್ಕೆ ಜನರ ಖಾಸಗಿ ಮಾಹಿತಿ ಕಾಯೋ ಯುರೋಪಿನ ಕಾನೂನು, ಜಿಡಿಪಿಆರ್, ಜಾರಿಯಾಯಿತು. ಹೊರದೇಶದ ಕೋರ್ಟ್ ಕೇಳಿತು ಅಂದ ಮಾತ್ರಕ್ಕೆ ಕೊಡೋ ಹಾಗಿಲ್ಲ, ದೇಶಗಳ ನಡುವೆ ಒಪ್ಪಂದ ಇರಬೇಕು ಅನ್ನುತ್ತೆ ಅದರ 48ನೇ ವಿಧಿ. ದಂಡ ವರ್ಷದ ವಹಿವಾಟಿನ 4%ವರೆಗೂ ಹೋಗಬಹುದು. ಕ್ಲೌಡ್ ಕಂಪನಿ ಡೇಟಾ ಕೊಟ್ಟರೆ ಯುರೋಪ್‌ನಲ್ಲಿ ಪೆಟ್ಟು, ಕೊಡದಿದ್ದರೆ ಅಮೆರಿಕದಲ್ಲಿ. ಅತ್ತ ದರಿ, ಇತ್ತ ಪುಲಿ.

ಆಮೇಲೆ ಅದೇ ಕಂಪನಿಯ ಮುಂಬೈ ಸರ್ವರ್. ಫೈಲ್ ಬೇಗ ತೆರೆಯುತ್ತೆ. ಆಡಿಟರ್ ಸುಮ್ಮನಾದರು. ಕರಾರು ಮೊದಲೇ ಇತ್ತಲ್ಲ, ಜರ್ಮನಿಯವರೂ ಒಪ್ಪಿದರು. ಆದರೆ ಮಾಲೀಕರು ಅದೇ ಅಮೆರಿಕದವರು, ಅಲ್ವಾ? ಊರು ಬದಲಾಯಿತು, ಬೀಗದ ಕೈ ಬದಲಾಗಲಿಲ್ಲ.

ಸಿಟ್ಟು ಬಂದು ಗೋಡೌನ್ ಪಕ್ಕದ ಕೋಣೆಯಲ್ಲಿ ನಮ್ಮದೇ ಸರ್ವರ್ ಇಟ್ಟೆ. ಕಾನೂನಿನ ತಲೆನೋವು ಜಾಸ್ತಿ ಇಲ್ಲ. ಆದರೆ ಬಳ್ಳಾರಿಯ ಮೇ ತಿಂಗಳು! ಕರೆಂಟ್ ಹೋದರೆ ಎಸಿಯೂ ಹೋಗುತ್ತೆ. ಒಂದು ದಿನ ಡಿಸ್ಕ್ ಸತ್ತಿತು. ಪೆಟ್ಟಿಗೆ ಬಿಚ್ಚಿದರೆ ಫ್ಯಾನ್ ತುಂಬಾ ನೀಲಿ ಜುಂಗು. ಬೆರಳಿಂದ ಎಳೆದರೆ ಜೀನ್ಸ್ ತುಂಡಿನ ಹಾಗೆ ಪದರವಾಗಿ ಎದ್ದು ಬಂತು. ಹನ್ನೊಂದು ದಿನದ ಬಿಲ್‌ಗಳನ್ನು ಮತ್ತೆ ಕೈಯಿಂದ ಹಾಕಿದೆ.

ಈಗ ದಿನದ ಕೆಲಸ ಆಫೀಸಿನಲ್ಲಿ, ಬ್ಯಾಕಪ್ ರಾತ್ರಿ ಮುಂಬೈಗೆ. ಕಳಿಸೋ ಮೊದಲೇ ಇಲ್ಲೇ ಬೀಗ ಹಾಕುತ್ತೇನೆ, ಅಂದರೆ ಕೀ ಇಲ್ಲದವರಿಗೆ ಓದೋಕೆ ಬಾರದ ಹಾಗೆ ಮಾಡುತ್ತೇನೆ (ಎನ್‌ಕ್ರಿಪ್ಷನ್). ಯಾರು ಕೇಳಿದರೂ ಆ ಕಂಪನಿಯ ಕೈಯಲ್ಲಿ ಇರೋದು ಅರ್ಥವಾಗದ ಅಕ್ಷರಗಳು ಮಾತ್ರ. ಕೀ ಇರೋ ಪೆನ್‌ಡ್ರೈವ್ ಒಂದು ಮಾಲೀಕರ ತಿಜೋರಿಯಲ್ಲಿ, ಇನ್ನೊಂದು ನಮ್ಮನೆ ಬೀರುವಿನಲ್ಲಿ. ಎರಡೂ ಹೋದರೆ ಅಮೆರಿಕಕ್ಕೂ ಸಿಗಲ್ಲ, ನಮಗೂ ಸಿಗಲ್ಲ. ಅದಕ್ಕೇ ತಿಂಗಳಿಗೊಮ್ಮೆ ಮುಂಬೈಯಿಂದ ಒಂದು ಹಳೇ ಬಿಲ್ ಇಳಿಸಿ, ಬೀಗ ತೆಗೆದು ನೋಡುತ್ತೇನೆ.